ಕೆನ್ಯಾದ ಮಿಷನ್ ಮಕ್ಕಳ ಮನೆಗೆ ಸ್ವಯಂಸೇವೆಗೆ ಹೊರಟವರಿಗೆ: ಅರ್ಜಿಯಿಂದ ಬೀಳ್ಕೊಡುಗೆವರೆಗೆ

ಕಿಸುಮು ಹತ್ತಿರದ ಒಂದು ಮಕ್ಕಳ ಮನೆಯಲ್ಲಿ ಹನ್ನೊಂದು ತಿಂಗಳು ಇದ್ದು ಮಂಗಳೂರಿಗೆ ವಾಪಸಾದಾಗ ನಮ್ಮ ಇಗರ್ಜಿಯ (ಚರ್ಚಿನ) ಹುಡುಗ ಹುಡುಗಿಯರು ಮೊದಲು ಕೇಳಿದ್ದು ಇದನ್ನೇ: "ಅಕ್ಕಾ, ಮಕ್ಕಳು ನಿಮ್ಮನ್ನು ತುಂಬಾ ಹಚ್ಚಿಕೊಂಡಿದ್ರಾ?" ಹೌದು ಅಂದಿದ್ದರೆ ಅವರಿಗೆ ಖುಷಿಯಾಗುತ್ತಿತ್ತು. ಆದರೆ ಹನ್ನೊಂದು ತಿಂಗಳಲ್ಲಿ ಹೊರಟುಹೋಗುವವಳನ್ನು ಮಗು ತುಂಬಾ ಹಚ್ಚಿಕೊಂಡರೆ ಅದು ಮಗುವಿಗೆ ನಷ್ಟ. ಆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಮಕ್ಕಳನ್ನು ಸಾಕುತ್ತಿರುವ ಮಾಮಾ ಒಬ್ಬರಿದ್ದಾರೆ. (ಅಲ್ಲಿ ಮಾಮಾ ಅಂದರೆ ತಾಯಿ. ಮೊದಲ ವಾರವೆಲ್ಲ ನನಗೆ ಕಣ್ಣಮುಂದೆ ಬರುತ್ತಿದ್ದದ್ದು ಮೀಸೆಯ ಸೋದರಮಾವ.) ಮಕ್ಕಳು ಹಚ್ಚಿಕೊಳ್ಳಬೇಕಾದ್ದು ಅವರನ್ನು. ನಾನಿದ್ದದ್ದು ಅವರಿಗೆ ಇನ್ನೆರಡು ಕೈಗಳಾಗಿ. ಮುಂದೆ ಬರೆದಿರುವುದೆಲ್ಲ ಆ ಎರಡು ಕೈ ಆಗುವುದು ಹೇಗೆ ಎಂಬುದರ ಬಗ್ಗೆ. ವಿಳಾಸ ಕೆನ್ಯಾದ್ದು, ತಾಂಜಾನಿಯಾ, ಉಗಾಂಡಾಕ್ಕೆ ಹೋಗುವವರಿಗೂ ಬಹಳಷ್ಟು ಹೊಂದುತ್ತದೆ.

ಹಂತ 1: ಮನೆಯನ್ನೇ ಪರೀಕ್ಷೆ ಮಾಡಿ

ಎಲ್ಲ ಮಕ್ಕಳ ಮನೆಯೂ ಒಳ್ಳೆಯದಲ್ಲ. ಅನಾಥಾಲಯ ಅಂತ ಬೋರ್ಡ್ ಹಾಕಿದ ಮನೆಗಳಲ್ಲಿ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಅಜ್ಜಿಯೋ ಬದುಕಿರುತ್ತಾರೆ. ಬಡತನ, ಶಾಲೆಯ ಖರ್ಚು, ಕಾಯಿಲೆ ಅವರನ್ನು ಅಲ್ಲಿಗೆ ತಂದಿರುತ್ತವೆ. ವಿದೇಶಿ ಸ್ವಯಂಸೇವಕರು ಬಂದರೆ ಅವರ ಹಿಂದೆ ಹಣವೂ ಬರುತ್ತದೆ ಎಂದು ಕಂಡ ಕೆಲವರು ಮಕ್ಕಳನ್ನೇ ಹುಡುಕಿ ತಂದು ತುಂಬಿಸಿದ್ದೂ ಇದೆ. ಕೆನ್ಯಾ ಸರ್ಕಾರ 2017ರಲ್ಲಿ ಹೊಸ ಮಕ್ಕಳ ಸಂಸ್ಥೆಗಳ ನೋಂದಣಿಯನ್ನೇ ನಿಲ್ಲಿಸಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂತು. ಸಂಸ್ಥೆಗಳಲ್ಲಿರುವ ಮಕ್ಕಳನ್ನು ಹತ್ತು ವರ್ಷಗಳಲ್ಲಿ ಕುಟುಂಬಗಳಿಗೆ, ಸಾಕುಮನೆಗಳಿಗೆ ಮರಳಿಸುವ ರಾಷ್ಟ್ರೀಯ ಯೋಜನೆಯೂ ಅದೇ ವರ್ಷ ಶುರುವಾಯಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕೂಡ ಅನಾಥಾಲಯ ಸ್ವಯಂಸೇವೆಯಿಂದ ಮಕ್ಕಳಿಗೆ ಆಗಬಹುದಾದ ಕೇಡಿನ ಬಗ್ಗೆ ಎಚ್ಚರಿಸಿತು.

ಹಾಗಾದರೆ ಹೋಗಲೇಬಾರದೇ? ನನ್ನ ಉತ್ತರ: ಕೇಳಿ ಹೋಗಿ. ಅರ್ಜಿ ಹಾಕುವ ಮುಂಚೆಯೇ ಪತ್ರ ಬರೆದು ಇಷ್ಟನ್ನು ಕೇಳಿ. ನಿಮ್ಮ ಮನೆಗೆ ನೋಂದಣಿ ಪತ್ರ ಇದೆಯೇ? ಪ್ರತಿ ಮಗುವಿಗೂ ನ್ಯಾಯಾಲಯದ ಆದೇಶ ಇದೆಯೇ? ಜಿಲ್ಲೆಯ ಮಕ್ಕಳ ಅಧಿಕಾರಿ ಬಂದು ನೋಡುತ್ತಾರೆಯೇ? ಕಳೆದ ವರ್ಷ ಎಷ್ಟು ಮಕ್ಕಳು ಸ್ವಂತ ಮನೆಗೆ ಮರಳಿದರು? ಕೊನೆಯ ಪ್ರಶ್ನೆಗೆ "ನಮ್ಮ ಮಕ್ಕಳು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಸುಖವಾಗಿದ್ದಾರೆ" ಎಂಬ ಉತ್ತರ ಬಂದರೆ ನಾನಾದರೆ ಹೋಗುವುದಿಲ್ಲ. ನಿಮ್ಮ ಬಗ್ಗೆ ಅವರು ಏನೂ ಕೇಳದೆ, ಪೊಲೀಸ್ ಕ್ಲಿಯರೆನ್ಸ್ ಕೂಡ ಬೇಡ ಎಂದು, ಬನ್ನಿ ಬನ್ನಿ ಅಂದರೂ ಹೋಗಬೇಡಿ. ನಿಮ್ಮನ್ನು ವಿಚಾರಿಸದ ಮನೆ ಇನ್ನೊಬ್ಬರನ್ನೂ ವಿಚಾರಿಸದೆ ಮಕ್ಕಳ ಹತ್ತಿರ ಬಿಟ್ಟಿರುತ್ತದೆ.

ಎಷ್ಟು ದಿನ ಎಂಬುದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಆರು ತಿಂಗಳಿಗಿಂತ ಕಡಿಮೆ ಇರುವವರು ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಕೇಳಬಾರದು. ಮೂರು ವಾರ ಮಾತ್ರ ಇದೆಯೇ? ಲೆಕ್ಕಪತ್ರ ಬರೆದುಕೊಡಿ, ಹೊಲಿಗೆ ಯಂತ್ರ ರಿಪೇರಿ ಮಾಡಿ, ನರ್ಸ್ ಆಗಿದ್ದರೆ ಮಾಮಾಗಳಿಗೆ ತರಬೇತಿ ಕೊಡಿ. ಮಗುವಿನ ಮಡಿಲು ನಿಮ್ಮ ರಜೆಯ ಜಾಗ ಅಲ್ಲ.

ಹಂತ 2: ಕಾಗದ, ಸೂಜಿಮದ್ದು, ಪೆಟ್ಟಿಗೆ

2024ರ ಜನವರಿಯಿಂದ ಕೆನ್ಯಾಕ್ಕೆ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಬಂದಿದೆ. ಸುಲಭ. ಆದರೆ ಪ್ರವಾಸಿ ಎಂದು ಬರೆಸಿಕೊಂಡು ಹೋಗಿ ಮಕ್ಕಳ ಮನೆಯಲ್ಲಿ ದುಡಿಯುವುದು ಸರಿಯಲ್ಲ, ಸಂಬಳ ಇಲ್ಲದಿದ್ದರೂ. ಧಾರ್ಮಿಕ ಮತ್ತು ಸೇವಾ ಕೆಲಸಕ್ಕೆಂದೇ 'ಕ್ಲಾಸ್ ಐ' ಪರ್ಮಿಟ್ ಇದೆ. ನಿಮ್ಮನ್ನು ಕರೆಸಿಕೊಳ್ಳುವ ಧರ್ಮಸಭೆ ಅಥವಾ ಸಂಸ್ಥೆ ಅದಕ್ಕೆ ಓಡಾಡಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಮೊದಲೇ ಶುರು ಮಾಡಿಸಿ. ನಮ್ಮ ಕಡೆಯಿಂದ ಪಾಸ್‌ಪೋರ್ಟ್ ಸೇವಾ ಕೇಂದ್ರದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು.

ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಂಡು ಹಳದಿ ಕಾರ್ಡ್ ತೆಗೆದುಕೊಳ್ಳಬೇಕು. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲೆ ಅದು ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಹೋಗುವಾಗಿನದಕ್ಕಿಂತ ಬರುವಾಗ ಅದು ಹೆಚ್ಚು ಮುಖ್ಯ: ಕೆನ್ಯಾದಿಂದ ಕಾರ್ಡ್ ಇಲ್ಲದೆ ಇಳಿದವರನ್ನು ಭಾರತದಲ್ಲಿ ಆರು ದಿನದ ತನಕ ಕ್ವಾರಂಟೈನಿನಲ್ಲಿ ಇಡಬಹುದು. ಹೆಪಟೈಟಿಸ್, ಟೈಫಾಯ್ಡ್, ಧನುರ್ವಾಯು, ದಡಾರದ ಲಸಿಕೆಗಳ ಬಗ್ಗೆ ವೈದ್ಯರ ಹತ್ತಿರ ಕೇಳಿ. ಹಾಗೆಯೇ ಎದೆಯ ಎಕ್ಸ್‌ರೇ ಒಂದು ತೆಗೆಸಿ. ನಾವು ಆಫ್ರಿಕಾದಿಂದ ಏನು ಅಂಟಿಸಿಕೊಂಡು ಬರುತ್ತೇವೋ ಅಂತ ಮನೆಯವರೆಲ್ಲ ಹೆದರುತ್ತಾರೆ. ನಾವು ಇಲ್ಲಿಂದ ಆ ಮಕ್ಕಳಿಗೆ ಟಿಬಿ ಕೊಂಡೊಯ್ಯಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಇರಬಾರದು. 2017ರ ಆಗಸ್ಟ್‌ನಿಂದ ಕೆನ್ಯಾದಲ್ಲಿ ಅದಕ್ಕೆ ನಿಷೇಧ ಇದೆ, ದಂಡವೂ ಜೋರು. ಅಮ್ಮ ಚಪ್ಪಲಿ ಸುತ್ತಿಕೊಟ್ಟ ತೊಟ್ಟೆಗಳನ್ನೆಲ್ಲ ನಾನು ಮುಂಬೈ ವಿಮಾನ ನಿಲ್ದಾಣದಲ್ಲಿ ಬಿಚ್ಚಿ ಎಸೆದೆ. ಅಲ್ಲಿನ ಪ್ಲಗ್ ಬ್ರಿಟಿಷ್ ಮಾದರಿಯದು, ಚಪ್ಪಟೆ ಮೂರು ಕಾಲಿನದು, ಅಡಾಪ್ಟರ್ ಬೇಕು. ತಲೆಗೆ ಕಟ್ಟುವ ಟಾರ್ಚ್, ಮೊಣಕಾಲು ದಾಟುವ ಲಂಗಗಳು, ಬೆರಳು ಮುಚ್ಚುವ ಶೂ. ಆಟಿಕೆ, ಚಾಕಲೇಟ್ ತುಂಬಬೇಡಿ. ಕೊಡುವುದೇ ಇದ್ದರೆ ಮನೆಯವರಿಗೆ ಏನು ಬೇಕೆಂದು ಕೇಳಿ ಅಲ್ಲಿಯ ಅಂಗಡಿಯಲ್ಲೇ ಕೊಳ್ಳಿ.

ಹಂತ 3: ಮೊದಲ ಎರಡು ವಾರ, ಬಾಯಿಗಿಂತ ಕಿವಿ

ನೈರೋಬಿಯಿಂದ ಕಿಸುಮುವಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ವಿಕ್ಟೋರಿಯಾ ಸರೋವರದ ದಂಡೆಯ ಊರು. ಲುವೊ ಜನ ಆ ಸರೋವರವನ್ನು ನಾಮ್ ಲೋಲ್ವೆ ಅನ್ನುತ್ತಾರೆ. 1901ರಲ್ಲಿ ರೈಲು ಇಲ್ಲಿಗೆ ಮುಟ್ಟಿತು. ಆ ಹಳಿ ಹಾಕಲು ಬ್ರಿಟಿಷರು ಭಾರತದಿಂದ ಕರೆದೊಯ್ದವರು ಸುಮಾರು 32,000 ಮಂದಿ, ಹೆಚ್ಚಿನವರು ಪಂಜಾಬಿನವರು. ಅವರ ಬೆನ್ನಿಗೇ ಗುಜರಾತಿ ವ್ಯಾಪಾರಿಗಳು ಬಂದರು. ಹಾಗಾಗಿ ನಿಮ್ಮನ್ನು ಕಂಡ ಕೂಡಲೇ ರಸ್ತೆಯ ಮಕ್ಕಳು "ಮ್ಹಿಂದಿ!" ಅಂತ ಕೂಗುತ್ತಾರೆ, ಅಂದರೆ ಭಾರತದವಳು. ಮ್ಹಿಂದಿ ಅಂದರೆ ಅಂಗಡಿ ಯಜಮಾನ ಎಂಬ ಚಿತ್ರ ಅಲ್ಲಿದೆ. ನೀವು ನೆಲ ಒರೆಸುವುದನ್ನು ನೋಡಿ ಅಕ್ಕಪಕ್ಕದವರು ಕೆಲವು ದಿನ ನಿಂತು ನೋಡಿದರೆ ಬೇಜಾರಾಗಬೇಡಿ.

ಈ ಎರಡು ವಾರ ಹೆಸರು ಕಲಿಯಿರಿ. ಲುವೊ ಹೆಸರಿನಲ್ಲೇ ಹುಟ್ಟಿದ ಹೊತ್ತು ಇರುತ್ತದೆ. ಒಟಿಯೆನೊ ರಾತ್ರಿ ಹುಟ್ಟಿದವನು, ಹುಡುಗಿಯಾದರೆ ಅಟಿಯೆನೊ. ಒಕೋಥ್ ಮಳೆ ಬರುವಾಗ ಹುಟ್ಟಿದವನು. ಅಚಿಯೆಂಗ್ ಬಿಸಿಲೇರಿದಾಗ ಹುಟ್ಟಿದವಳು. ಅವಳಿಗಳಲ್ಲಿ ಮೊದಲು ಬಂದವಳು ಅಪಿಯೊ, ಎರಡನೆಯವಳು ಅಡೊಂಗೊ. ಬೇರೆ ಯಾವ ಗುರುತೂ ಇಲ್ಲದೆ ಬಂದ ಮಗುವಿಗೂ ಈ ಹೆಸರೊಂದು ಗುರುತು: ಅದು ಹುಟ್ಟಿದಾಗ ಹೊತ್ತೆಷ್ಟೆಂದು ನೋಡಿದವರು ಯಾರೋ ಇದ್ದರು. ಮುದ್ದಿಗೆಂದು ಹೊಸ ಹೆಸರು ಇಡಬೇಡಿ.

ಭಾಷೆ ಎಣಿಸಿದಷ್ಟು ದೂರ ಇಲ್ಲ. ಸ್ವಾಹಿಲಿಯಲ್ಲಿ ಸಾಬೂನಿಗೆ ಸಾಬುನಿ, ಮೇಜಿಗೆ ಮೇಜಾ, ಅಂಗಡಿಗೆ ಡುಕಾ, ಲಕ್ಷಕ್ಕೆ ಲಾಕಿ. ಔಷಧಕ್ಕೆ ಡಾವಾ, ನಮ್ಮ ದವಾಖಾನೆಯ ದವಾ. ಪೋರ್ಚುಗೀಸರು ಅಲ್ಲೂ ಇದ್ದರಲ್ಲ: ನಮ್ಮ ಇಗರ್ಜಿಯ ಮೂಲ ಪದವೇ ಅಲ್ಲಿ ಗೆರೇಜಾ ಆಗಿದೆ, ಅರ್ಥ ಮಾತ್ರ ಜೈಲು! ಯಾರಾದರೂ ಎಡವಿದರೆ, ಮಗು ಬಿದ್ದರೆ, ಕಾಯಿಲೆಯಾದರೆ, ಎಲ್ಲದಕ್ಕೂ "ಪೋಲೆ" ಅನ್ನಬೇಕು. ನಿಮ್ಮ ತಪ್ಪೇನೂ ಇಲ್ಲದಿದ್ದರೂ ಅನ್ನಬೇಕು. ಅದು ನಮ್ಮ "ಅಯ್ಯೋ ಪಾಪ"ದ ಕೆಲಸ ಮಾಡುವ ಮಾತು.

ಗಡಿಯಾರದ ವಿಷಯ ಮಾತ್ರ ತಲೆಗೆ ಹೊಡೆದುಕೊಂಡು ಕಲಿಯಿರಿ. ಸ್ವಾಹಿಲಿ ಗಂಟೆ ಸೂರ್ಯೋದಯದಿಂದ ಶುರು. ನಮ್ಮ ಬೆಳಗಿನ ಏಳು ಅವರ ಒಂದು, 'ಸಾ ಮೋಜಾ'. ರಾತ್ರಿ ಎಂಟು ಅವರ ಎರಡು. ಇದನ್ನು ನಾನು ಓದಿಕೊಂಡೇ ಹೋಗಿದ್ದೆ. ಆದರೂ ಎರಡನೇ ವಾರ ಔಷಧದ ಪುಸ್ತಕದಲ್ಲಿ ಒಂದು ಮಗುವಿನ ಹೆಸರಿನ ಮುಂದೆ "ಸಾ 2 ರಾತ್ರಿ" ಎಂದು ಕಂಡಾಗ, ಅಲಾರಂ ಇಟ್ಟು ನಡುರಾತ್ರಿ ಎರಡಕ್ಕೆ ಎದ್ದು ಸಿರಪ್ ಬಾಟಲಿ ಹಿಡಿದು ಹೋದೆ. ಮಾಮಾ ಎಚ್ಚರವಾಗಿ ಕೈ ಹಿಡಿದು ನಿಲ್ಲಿಸಿದರು. ಎಂಟಕ್ಕೇ ಕೊಟ್ಟಾಗಿತ್ತು. ಅವರು ನಕ್ಕರು, ನನಗೆ ನಗು ಬರಲಿಲ್ಲ. ಅಂದಿನಿಂದ ನಾನು ಇನ್ನೊಬ್ಬರು ಪಕ್ಕದಲ್ಲಿ ನಿಂತು ಓದಿ ಹೇಳದೆ ಒಂದು ಹನಿ ಔಷಧವನ್ನೂ ಕೊಟ್ಟವಳಲ್ಲ. ನೀವೂ ಕೊಡಬೇಡಿ.

ಹಂತ 4: ಒಂದು ದಿನ

ಬೆಳಿಗ್ಗೆ ಐದಕ್ಕೆ ಏಳುವುದು. ಮೊದಲ ಕೆಲಸ ನೀರು. ಪೈಪ್ ಇದ್ದರೂ ನೀರು ದಿನವೂ ಬರುವುದಿಲ್ಲ. ಇಪ್ಪತ್ತು ಲೀಟರಿನ ಹಳದಿ ಜೆರಿಕ್ಯಾನ್‌ಗಳನ್ನು ಹಿಂದಿನ ದಿನವೇ ತುಂಬಿಸಿಟ್ಟಿರಬೇಕು. ನೀರು ಎಷ್ಟಿದೆ ಎಂಬುದರ ಮೇಲೆ ಆ ದಿನ ಯಾರಿಗೆ ಪೂರ್ತಿ ಸ್ನಾನ, ಯಾರಿಗೆ ಕೈಕಾಲು ಮುಖ ಎಂದು ಮಾಮಾ ನಿರ್ಧರಿಸುತ್ತಾರೆ. ಇದ್ದಿಲ ಒಲೆಗೆ 'ಜಿಕೊ' ಅನ್ನುತ್ತಾರೆ, ಹಿಡಿ ಇಲ್ಲದ ಅಲ್ಯುಮಿನಿಯಂ ಪಾತ್ರೆಗೆ 'ಸುಫುರಿಯಾ'. ಹಿಡಿ ಇಲ್ಲ ಎಂಬುದನ್ನು ನಿಮ್ಮ ಬೆರಳುಗಳು ಮೊದಲ ದಿನವೇ ಕಲಿಯುತ್ತವೆ.

ಬೆಳಗಿನ ತಿಂಡಿ 'ಉಜಿ', ತೆಳ್ಳಗಿನ ಗಂಜಿ. ಮೆಕ್ಕೆಜೋಳ, ಜೋಳ, 'ವಿಂಬಿ' ಹಿಟ್ಟು ಬೆರೆಸಿದ್ದು. ವಿಂಬಿ ಅಂದರೆ ರಾಗಿ. ರಾಗಿ ಮೂಲತಃ ಪೂರ್ವ ಆಫ್ರಿಕಾದ ಬೆಟ್ಟಸೀಮೆಯ ಬೆಳೆ, ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ನಮ್ಮ ಕಡೆಗೆ ಬಂದದ್ದು. ನಮ್ಮ ಕೂಸುಗಳಿಗೆ ರಾಗಿ ಸರಿ, ಅಲ್ಲಿನ ಕೂಸುಗಳಿಗೆ ವಿಂಬಿ ಉಜಿ. ಕಲಸುವಾಗ ಗಂಟಾಗದ ಹಾಗೆ ಮೊದಲು ತಣ್ಣೀರಿನಲ್ಲಿ ಹಿಟ್ಟು ಕದಡಿಕೊಳ್ಳುವುದು ಎರಡೂ ಕಡೆ ಒಂದೇ. ಈ ಒಂದು ವಿದ್ಯೆಯಿಂದ ನನಗೆ ಆ ಅಡುಗೆಮನೆಯಲ್ಲಿ ಜಾಗ ಸಿಕ್ಕಿತು.

ದೊಡ್ಡ ಊಟ ಉಗಾಲಿ. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕರಾವಳಿಯವಳಾದ ನನಗೆ ಮುದ್ದೆಯೇ ಅಪರೂಪ. ಹಾಸ್ಟೆಲಿನಲ್ಲಿ ಹಾಸನದ ಗೆಳತಿ "ಅಗೀಬೇಡ, ನುಂಗು" ಅಂತ ಬೈದು ಕಲಿಸಿದ್ದಳು. ಉಗಾಲಿಯನ್ನು ಅಗಿಯಬೇಕು. ಚೂರು ಮುರಿದು ಅಂಗೈಯಲ್ಲಿ ಉಂಡೆ ಮಾಡಿ ಹೆಬ್ಬೆಟ್ಟಿನಿಂದ ಒತ್ತಿದರೆ ಸಣ್ಣ ಚಮಚದ ಹಾಗೆ ಗುಳಿ ಬೀಳುತ್ತದೆ, ಅದರಲ್ಲಿ ಸೊಪ್ಪಿನ ಪಲ್ಯ ಎತ್ತಿಕೊಳ್ಳುವುದು. ಸೊಪ್ಪಿನ ಹೆಸರು 'ಸುಕುಮಾ ವಿಕಿ', ಅಂದರೆ ವಾರ ತಳ್ಳು: ಸಂಬಳ ಬರುವ ತನಕ ವಾರವನ್ನು ದೂಡುವ ಸೊಪ್ಪು. ಬೀನ್ಸ್ ಮತ್ತು ಮೆಕ್ಕೆಜೋಳ ಬೇಯಿಸಿದ ಗಿಥೇರಿ, ಹೆಸರುಕಾಳಿನ 'ನ್‌ಡೆಂಗು', ಸರೋವರದ ಸಣ್ಣ ಒಣಮೀನು 'ಒಮೆನಾ' ಸರದಿಯಲ್ಲಿ ಬರುತ್ತವೆ. ಒಮೆನಾ ಹುರಿಯುವ ವಾಸನೆಗೆ ನನಗೆ ಉಳ್ಳಾಲದ ಮಳೆಗಾಲ ನೆನಪಾಗಿ ಒಂದು ದಿನ ಅಡುಗೆಮನೆಯಲ್ಲೇ ಅತ್ತುಬಿಟ್ಟೆ. ಹೊಗೆ ಅಂದೆ.

ಶಾಲೆಯ ಮಕ್ಕಳು ಏಳರೊಳಗೆ ಹೊರಡುತ್ತಾರೆ. ಶಾಲಾ ವರ್ಷ ಜನವರಿಯಲ್ಲಿ ಶುರು, ಮೂರು ಅವಧಿ. ಆಮೇಲೆ ಬಟ್ಟೆ. ನಲವತ್ತು ಜನರ ಬಟ್ಟೆ ಕೈಯಲ್ಲಿ ಒಗೆಯುವುದೆಂದರೆ ಏನು ಅಂತ ಇಲ್ಲಿ ವರ್ಣಿಸುವುದಿಲ್ಲ, ಹೋಗಿ ನೋಡಿ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡ ಮಗುವಿನ ಚಾದರವನ್ನು ಬೇರೆ ಮಕ್ಕಳು ಏಳುವ ಮೊದಲೇ ಸದ್ದಿಲ್ಲದೆ ತೆಗೆದು ನೀರಿಗೆ ಹಾಕಿಬಿಡಿ. ಏಳೆಂಟು ವರ್ಷದವರೂ ಮಾಡಿಕೊಳ್ಳುತ್ತಾರೆ, ಹೊಸದಾಗಿ ಬಂದವರಂತೂ ತಿಂಗಳುಗಟ್ಟಲೆ. ಬೈದರೆ ಹೆಚ್ಚಾಗುತ್ತದೆ.

ಹಗಲಿಗೆ ಉಳಿಯುವುದು ಕೂಸುಗಳು. ಅಳುವ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಅಲ್ಲಿನ ರೂಢಿ. 'ಲೆಸೊ' ಎಂಬ ಚಿತ್ತಾರದ ಬಟ್ಟೆ ಸಾಕು. ಮುಂದಕ್ಕೆ ಬಾಗಿ, ಕೂಸನ್ನು ಬೆನ್ನಿನ ಮೇಲೆ ಕವುಚಿದಂತೆ ಇರಿಸಿ, ಅದರ ಕಾಲುಗಳು ನಿಮ್ಮ ಸೊಂಟದ ಎರಡೂ ಕಡೆ ಬರುವ ಹಾಗೆ ಹರಡಿ, ಬಟ್ಟೆಯನ್ನು ಅದರ ಕಂಕುಳ ಕೆಳಗಿಂದ ತಂದು ಎದೆಯ ಮೇಲೆ ತಿರುಚಿ ಸಿಕ್ಕಿಸಬೇಕು. ಮೊದಲ ಹತ್ತು ಸಲ ಇನ್ನೊಬ್ಬರು ಹಿಂದೆ ನಿಂತಿರಲಿ. ಬಂದ ಮೇಲೆ ಎರಡೂ ಕೈ ಬಿಡುವು. ಬೀನ್ಸ್ ಆರಿಸುತ್ತ ಕೂತರೆ ಕೂಸು ನಿದ್ದೆ ಹೋಗಿರುವುದೇ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ತೂಕ, ಐದು ವರ್ಷದೊಳಗಿನವರ ತೋಳಿನ ಸುತ್ತಳತೆ. ಆರು ತಿಂಗಳು ತುಂಬಿದ ಮಗುವಿನ ತೋಳು 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅಪೌಷ್ಟಿಕತೆ, 11.5ಕ್ಕಿಂತ ಕೆಳಗಾದರೆ ಅದೇ ದಿನ ಆಸ್ಪತ್ರೆ.

ಸಂಜೆ ಶಾಲೆಯಿಂದ ಬಂದವರ ಕಾಲು ನೋಡುವುದು ನನ್ನ ಪಾಲಿನ ಕೆಲಸವಾಗಿತ್ತು. 'ಫುಂಜಾ' ಎಂಬ ಮಣ್ಣಿನ ಚಿಗಟ ಬೆರಳ ಸಂದಿಗೆ, ಉಗುರಿನ ಅಡಿಗೆ ಹೊಕ್ಕು ಮೊಟ್ಟೆ ಕಟ್ಟುತ್ತದೆ. ಬಿಳಿ ಉಬ್ಬಿನ ನಡುವೆ ಕಪ್ಪು ಚುಕ್ಕೆ ಕಂಡರೆ ಅದೇ. ಒಂದೇ ಪಿನ್ನಿನಿಂದ ಎಲ್ಲರ ಕಾಲು ಕೆದಕುವುದು ಹಳೆಯ ಅಭ್ಯಾಸ, ರಕ್ತದಿಂದ ಹರಡುವ ರೋಗಗಳಿಗೆ ದಾರಿ, ಖಂಡಿತ ಬೇಡ. ನರ್ಸ್ ಹೇಳಿದ ದ್ರಾವಣದಲ್ಲಿ ಕಾಲು ನೆನೆಸಿ, ಒರೆಸಿ, ಶೂ ಹಾಕಿಸಿ. ಹತ್ತು ನಿಮಿಷ ಒಂದು ಮಗುವಿನ ಪಾದ ನಿಮ್ಮ ಕೈಯಲ್ಲಿರುತ್ತದಲ್ಲ, ಶಾಲೆಯಲ್ಲಿ ಏನಾಯಿತು ಎಂಬುದೆಲ್ಲ ಆಗ ಹೊರಬರುತ್ತದೆ. ಕೌನ್ಸೆಲಿಂಗ್ ಅಂತ ಕೂರಿಸಿದರೆ ಬಾಯಿ ಬಿಡದವರು ಕಾಲು ತೊಳೆಸಿಕೊಳ್ಳುವಾಗ ಮಾತಾಡುತ್ತಾರೆ.

ಆಮೇಲೆ ಹೋಂವರ್ಕ್, ಊಟ, ಪ್ರಾರ್ಥನೆ, ಸೊಳ್ಳೆಪರದೆ. ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿ, ತಲೆ ಎಣಿಸಿ, ದೀಪ ಆರಿಸಿ.

ಹಂತ 5: ಕಾಯಿಲೆ ಬಂದಾಗ

ನೈರೋಬಿ ಎತ್ತರದ ಊರು, ಮಲೇರಿಯಾ ಕಡಿಮೆ. ಸರೋವರದ ಸೀಮೆ ಹಾಗಲ್ಲ. ಚಿಕ್ಕ ಮಗುವಿಗೆ ಜ್ವರ ಬಂದರೆ ನಾಳೆ ನೋಡೋಣ ಎಂಬ ಮಾತಿಲ್ಲ, ಅದೇ ದಿನ ಬೆರಳ ರಕ್ತದ ಪರೀಕ್ಷೆ. ಕುಡಿಯಲಾಗದಿದ್ದರೆ, ತಿಂದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ರಾತ್ರಿ ಗಾಡಿ ಯಾರದ್ದು, ನಂಬರ್ ಯಾವುದು ಎಂದು ಮೊದಲ ವಾರವೇ ಗೋಡೆಗೆ ಬರೆದು ಅಂಟಿಸಿ. ಮಕ್ಕಳ ಮಲೇರಿಯಾ ಲಸಿಕೆ 2019ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಮೂರು ದೇಶಗಳಲ್ಲಿ ಕೆನ್ಯಾ ಒಂದು, ಪಶ್ಚಿಮದ ಜಿಲ್ಲೆಗಳಲ್ಲಿ ಕೊಡುತ್ತಾರೆ. ಹಾಗೆಂದು ಪರದೆ ಬಿಡುವಂತಿಲ್ಲ.

ಬೇಧಿಗೆ ಓಆರ್‌ಎಸ್ ಪೊಟ್ಟಣ ಇರಲೇಬೇಕು. ಮುಗಿದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಅಂಚಿಗೆ ಸವರಿ ಸಮ ಮಾಡಿದ್ದು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಂದಾಜು ಬೇಡ. ಲೋಟದಲ್ಲಿ ಒಮ್ಮೆಗೇ ಕುಡಿಸದೆ ಚಮಚ ಚಮಚವಾಗಿ ಕುಡಿಸಿ.

ಕೆಲವು ಮಕ್ಕಳು ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ದಿನವೂ ಅದೇ ಹೊತ್ತಿಗೆ, ಒಂದು ಸಲವೂ ತಪ್ಪದೆ ಕೊಟ್ಟರೆ ಆ ಮಗು ಎಲ್ಲರ ಹಾಗೆ ಓಡಾಡಿ ಬೆಳೆಯುತ್ತದೆ. ಯಾವ ಮಗು ಎಂಬುದು ನಿಮ್ಮ ಬಾಯಿಂದ ಊರಿನ ಅಮ್ಮನಿಗೂ ಹೋಗಬಾರದು. ಮಗುವಿಗೇ ತನ್ನ ವಿಷಯ ಗೊತ್ತಿರದೆ ಇರಬಹುದು; ಅದನ್ನು ಹೇಳುವ ಹೊತ್ತು, ಹೇಳುವವರು ಬೇರೆ ಇದ್ದಾರೆ.

ಹಂತ 6: ಮುದ್ದು, ಮೊಬೈಲ್, ಬೆತ್ತ

ನೀವು ಗೇಟಿನೊಳಗೆ ಕಾಲಿಟ್ಟ ಕೂಡಲೇ ಮೂರು ವರ್ಷದ ಮಗು ಓಡಿಬಂದು ಕಾಲು ತಬ್ಬಿಕೊಳ್ಳುತ್ತದೆ. ನನಗೂ ಗಂಟಲು ಕಟ್ಟಿತು. ಆದರೆ ಯೋಚಿಸಿ: ನಿಮ್ಮ ಅಣ್ಣನ ಮಗು ಗುರುತಿಲ್ಲದವರನ್ನು ಕಂಡರೆ ಏನು ಮಾಡುತ್ತದೆ? ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ಕಂಡವರನ್ನೆಲ್ಲ ತಬ್ಬುವ ಮಗು ಬಂದು ಹೋದ ತುಂಬಾ ಜನರನ್ನು ನೋಡಿರುತ್ತದೆ. ತಳ್ಳಬೇಡಿ, ಕೂತು ಮಾತಾಡಿಸಿ, ಕೈ ಹಿಡಿದು ಅದರ ಮಾಮಾನ ಹತ್ತಿರ ಕರೆದುಕೊಂಡು ಹೋಗಿ. ನೋವಾದಾಗ, ಹೆದರಿದಾಗ ಮಗು ನಿಮ್ಮ ಹತ್ತಿರ ಬಂದರೂ ಕೊನೆಗೆ ಮಾಮಾನ ಮಡಿಲಿಗೇ ಮುಟ್ಟಿಸಿ. ನಾಲ್ಕನೇ ತಿಂಗಳಲ್ಲಿ ಅದೇ ಹುಡುಗ ಹೊಸದಾಗಿ ಬಂದ ಅತಿಥಿಯನ್ನು ಕಂಡು ಮಾಮಾನ ಲೆಸೊ ಹಿಂದೆ ಅವಿತುಕೊಂಡ. ಆ ಹನ್ನೊಂದು ತಿಂಗಳಲ್ಲಿ ನನಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಬೇಡಿ. ಸ್ನಾನಕ್ಕೆ, ರಾತ್ರಿ ಪಾಳಿಗೆ ಇಬ್ಬರು ದೊಡ್ಡವರು. ಗುಟ್ಟಾಗಿ ಮಿಠಾಯಿ ಬೇಡ. ಗುಟ್ಟು ಇಟ್ಟುಕೊಳ್ಳುವುದನ್ನು ಮಗುವಿಗೆ ನೀವು ಕಲಿಸಿದರೆ ನಾಳೆ ಕೆಟ್ಟವನೊಬ್ಬ ಅದನ್ನು ಬಳಸಿಕೊಳ್ಳುತ್ತಾನೆ. ಅನುಮಾನದ್ದು ಏನಾದರೂ ಕಂಡರೆ ಮನೆಯ ಮುಖ್ಯಸ್ಥರಿಗೆ ಬರೆದು ಕೊಡಿ, ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಅಧಿಕಾರಿಗೆ. ನಮ್ಮ 1098 ಇದ್ದ ಹಾಗೆ ಅಲ್ಲಿ ಮಕ್ಕಳ ಸಹಾಯವಾಣಿ 116.

ಮಕ್ಕಳ ಮುಖದ ಫೋಟೊ ಸ್ಟೇಟಸ್‌ಗೆ ಹಾಕುವುದು ಬೇಡ. ಫಾದರ್ ಕೇಳಿದರೂ, ವಂತಿಗೆ ಕೊಟ್ಟವರು ಕೇಳಿದರೂ ಬೇಡ. ನಾನು ಊರಿಗೆ ಕಳಿಸಿದ್ದು ಕೈಗಳ ಫೋಟೊ, ಹಿಟ್ಟು ಕಲಸುವ ಕೈಗಳು.

ಬೆತ್ತದ ಮಾತು. ಕೆನ್ಯಾದ ಶಾಲೆಗಳಲ್ಲಿ 2001ರಿಂದ ಹೊಡೆಯುವುದು ನಿಷೇಧ, ಆದರೂ ಕೆಲವು ಕಡೆ ನಡೆಯುತ್ತದೆ, ನಮ್ಮಲ್ಲಿ ನಡೆಯುವುದಿಲ್ಲವೇ? ಅಡುಗೆಯವಳೊಬ್ಬಳು ಹುಡುಗನಿಗೆ ಸೌಟಿನಿಂದ ಬಾರಿಸಿದಾಗ ನಾನು ಎಲ್ಲರೆದುರು ಗದರಿಬಿಟ್ಟೆ. ತಪ್ಪಾಯಿತು. ಹೊರಗಿನಿಂದ ಬಂದ ಹುಡುಗಿ ದೊಡ್ಡವಳನ್ನು ಮಕ್ಕಳೆದುರು ಬೈದಳು ಎಂಬುದಷ್ಟೇ ಉಳಿಯಿತು, ಹೊಡೆತದ ವಿಷಯ ಮರೆತೇ ಹೋಯಿತು. ಮೊದಲು ಮಗುವನ್ನು ಆಚೆ ಕರೆದುಕೊಂಡು ಹೋಗಿ, ಆಮೇಲೆ ಮನೆಯ ಮುಖ್ಯಸ್ಥರ ಮೂಲಕ ಮಾತಾಡಿ.

ಹಂತ 7: ಪ್ರಾರ್ಥನೆ ಎಷ್ಟು, ಹೇಗೆ

ಮಿಷನರಿ ಅಂದಮೇಲೆ ಈ ಪ್ರಶ್ನೆ ತಪ್ಪಿಸುವಂತಿಲ್ಲ. ನಾನು ಕ್ರೈಸ್ತಳಾಗಿಯೇ ಹೋದೆ, ಬೆಳಿಗ್ಗೆ ಆರಕ್ಕೆ ಸಿಸ್ಟರ್‌ಗಳ ಜೊತೆ ಪ್ರಾರ್ಥನೆಗೆ ಕೂತೆ. ಭಾನುವಾರದ ಪೂಜೆ ಅಲ್ಲಿ ಎರಡು ತಾಸಿಗೆ ಕಡಿಮೆ ಇಲ್ಲ. ಕಾಣಿಕೆಯ ಹೊತ್ತಿಗೆ ಬಾಳೆಗೊನೆ, ಮೆಕ್ಕೆಜೋಳ, ಕೆಲವೊಮ್ಮೆ ಜೀವಂತ ಕೋಳಿ ಕುಣಿಯುತ್ತ ಪೀಠದ ಕಡೆ ಹೋಗುತ್ತವೆ. ಬಿಳಿ ಅಂಗಿ ತೊಟ್ಟು ಕುಣಿಯುವ ಮಕ್ಕಳ ಗುಂಪು ಮಿಷನರಿ ಬಾಲಸಂಘದ್ದು. 1843ರಲ್ಲಿ ಫ್ರಾನ್ಸ್‌ನ ಬಿಷಪ್ ಫೋರ್ಬಿನ್ ಜಾನ್ಸನ್ ಆರಂಭಿಸಿದ ಸಂಘ ಅದು.

ಆದರೆ ಮನೆಯಲ್ಲಿ ಮುಸ್ಲಿಂ ಕುಟುಂಬದಿಂದ ಬಂದ ಇಬ್ಬರಿದ್ದರು. ಅವರು ಮನೆಗೆ ಮರಳುವ ದಿನ ಬರುತ್ತದೆ, ಆ ದಿನ ಅವರು ತಮ್ಮ ಮನೆಯವರಿಗೆ ಅಪರಿಚಿತರಾಗಿರಬಾರದು. ರಂಜಾನಿನಲ್ಲಿ ದೊಡ್ಡವನು ಉಪವಾಸ ಇರುತ್ತೇನೆಂದ. ನಸುಕಿನಲ್ಲಿ ಅವನಿಗೆ ಉಜಿ ಕಾಯಿಸಿಕೊಟ್ಟದ್ದು ಒಬ್ಬ ಸಿಸ್ಟರ್. ತುತ್ತಿಗೆ ಪ್ರತಿಯಾಗಿ ನಂಬಿಕೆ ಕೇಳುವ ಮನೆಯಲ್ಲಿ ಕೆಲಸ ಮಾಡಬೇಡಿ. ಹಾಗೆ ಪಡೆದ ನಂಬಿಕೆ ಯೇಸುವಿಗೂ ಬೇಡ ಅಂತ ನನ್ನ ಎಣಿಕೆ.

ಹಂತ 8: ನಿಮ್ಮನ್ನೂ ನೋಡಿಕೊಳ್ಳಿ

ವಾರಕ್ಕೊಂದು ದಿನ ಪೂರ್ತಿ ರಜೆ, ಗೇಟಿನ ಹೊರಗೆ. ಕಿಸುಮು ಪೇಟೆಯ ಭಾರತೀಯ ಅಂಗಡಿಯಲ್ಲಿ ಸಾಸಿವೆ, ಜೀರಿಗೆ, ಬೇಳೆ ಸಿಗುತ್ತವೆ. ಹಣಕ್ಕೆ ಎಂ-ಪೆಸಾ, 2007ರಿಂದ ಅಲ್ಲಿ ಫೋನೇ ಪರ್ಸು, ತರಕಾರಿ ಮಾರುವ ಅಜ್ಜಿಯೂ ಅದರಲ್ಲೇ ತೆಗೆದುಕೊಳ್ಳುತ್ತಾಳೆ. ನಮ್ಮೂರು ಎರಡೂವರೆ ಗಂಟೆ ಮುಂದಿದೆ. ಮಕ್ಕಳು ಮಲಗಿದ ಮೇಲೆ ಫೋನ್ ಮಾಡೋಣ ಅಂದರೆ ಇಲ್ಲಿ ಹನ್ನೊಂದೂವರೆ, ಅಮ್ಮ ನಿದ್ದೆಯಲ್ಲಿ. ರಜೆಯ ದಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಐದನೇ ತಿಂಗಳ ಹೊತ್ತಿಗೆ ಒಂದು ಕುಸಿತ ಬರುತ್ತದೆ. ನನಗೆ ಬಂದದ್ದು ಸೆಪ್ಟೆಂಬರ್ 8ರಂದು, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ದಿನ. ಊರಲ್ಲಿ ಮಕ್ಕಳು ಹೂ ಹಾಕಿ, ಮನೆಗೆ ಹೊಸ ತೆನೆ ತಂದು, ತರಕಾರಿ ಊಟ ಮಾಡುವ ದಿನ. ಅಲ್ಲಿ ಯಾರಿಗೂ ಅದು ಹಬ್ಬವೇ ಅಲ್ಲ. ಸುಮ್ಮನೆ ಕೂತಿದ್ದವಳನ್ನು ಮಾಮಾ ಕೇಳಿದರು, ಹೇಳಿದೆ. ಸಂಜೆ ಮಕ್ಕಳು ಬೇಲಿಯ ಕಾಗದದ ಹೂ (ಬೋಗನ್‌ವಿಲ್ಲಾ) ಕಿತ್ತು ತಂದು ಮರಿಯಮ್ಮನ ಪ್ರತಿಮೆಯ ಮುಂದೆ ರಾಶಿ ಹಾಕಿದ್ದರು. ಕ್ರಿಸ್ಮಸ್‌ಗೆ ನಾನೂ ಆ ಋಣ ತೀರಿಸಿದೆ: ಮೈದಾ ಹಿಟ್ಟು ಕಲಸಿ, ಹೊಸ ಬಾಚಣಿಗೆಗಳ ಮೇಲೆ ಒತ್ತಿ ಸುರುಳಿ ಸುತ್ತುವ ಕಿಡಿಯೊ ಎಂಬ ತಿಂಡಿ ಕಲಿಸಿದೆ. ಮೂವತ್ತು ಮಕ್ಕಳು, ಆರು ಬಾಚಣಿಗೆ. ಕಿಡಿಯೊಗಳು ಕಂಬಳಿಹುಳದ ಎಲ್ಲ ಜಾತಿಯಲ್ಲೂ ಬಂದವು.

ಹಂತ 9: ಹೊರಡುವುದು

ಹೊರಡುವ ದಿನವನ್ನು ಬಂದ ದಿನವೇ ಮಕ್ಕಳಿಗೆ ಹೇಳಿರಬೇಕು. ಕೊನೆಯ ಮೂರು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳೇ ಒಂದೊಂದು ದಿನ ಹೊಡೆದುಹಾಕಲಿ. ಅವರು ನಿದ್ದೆಯಲ್ಲಿರುವಾಗ ಕದ್ದು ಹೊರಡುವುದು ನಿಮ್ಮ ಅಳು ತಪ್ಪಿಸಿಕೊಳ್ಳುವ ಉಪಾಯ ಅಷ್ಟೇ. ಎಚ್ಚರಾದ ಮಗುವಿಗೆ ಇನ್ನು ಯಾರು ನಿದ್ದೆಯಲ್ಲಿ ಮಾಯವಾಗುತ್ತಾರೋ ಎಂಬ ಭಯ ಉಳಿಯುತ್ತದೆ. "ಮತ್ತೆ ಬರುತ್ತೇನೆ" ಎನ್ನಬೇಡಿ, ಟಿಕೆಟ್ ಕೈಯಲ್ಲಿಲ್ಲದಿದ್ದರೆ. ಪತ್ರ, ಹಣ ಯಾವುದೇ ಒಂದು ಮಗುವಿನ ಹೆಸರಿಗೆ ಬೇಡ, ಮನೆಯ ಮೂಲಕ ಹೋಗಲಿ.

ನಿಮ್ಮ ನಂತರ ಬರುವವರಿಗೆ ಒಂದು ಪುಸ್ತಕ ಬರೆದಿಡಿ, ಮಾಮಾನ ಜೊತೆ ಕೂತು. ಯಾರಿಗೆ ಕತ್ತಲು ಭಯ, ಯಾರು ಹಾಲು ಕುಡಿದ ಮೇಲೆ ಕಕ್ಕುತ್ತಾರೆ, ಯಾರ ಅಜ್ಜಿ ತಿಂಗಳ ಮೊದಲ ಶನಿವಾರ ನೋಡಲು ಬರುತ್ತಾಳೆ. ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಮಾಮಾ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ತಿದ್ದುತ್ತಿದ್ದರು. ಕಿಟಕಿ ಪಕ್ಕದ ಮಂಚದ ಹುಡುಗ ನಿದ್ದೆಯಲ್ಲಿ ಪರದೆಯ ಹೊರಗೆ ಕಾಲು ಚಾಚುತ್ತಾನೆ, ರಾತ್ರಿ ಹನ್ನೊಂದಕ್ಕೆ ಒಮ್ಮೆ ಎದ್ದು ನೋಡಿ, ಎಂದು ಬರೆದೆ. ಮಾಮಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಹನ್ನೊಂದಕ್ಕೆ ಗೀಟು ಎಳೆದು, ಮೇಲೆ ದಪ್ಪಗೆ 'ಸಾ 5' ಎಂದು ಬರೆದರು.